ಈಡು ಬಿದ್ದ ಮೇಲಿನ ಅರ್ಧ ಗಂಟೆ: ಗಾಯಗೊಂಡ ಜಿಂಕೆಯ ಜಾಡು ಹಿಡಿಯುವ ಬಗೆ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೋವಿ ಬೇಟೆಯ ಸೀಸನ್ ಶುರುವಾಗಿ 9 ದಿನ ನಡೆಯುತ್ತದೆ. ಬಿಲ್ಲಿನವರಿಗೆ ಸೆಪ್ಟೆಂಬರ್‌ನಿಂದಲೇ ಅವಕಾಶ. ಅಲ್ಲಿ, ಪಕ್ಕದ ಮಿನ್ನೆಸೋಟದಲ್ಲಿ, ಮಿಷಿಗನ್‌ನಲ್ಲಿ ನೆಲೆಸಿ, ಜೊತೆ ಕೆಲಸ ಮಾಡುವವರು ಕರೆದರೆಂದು ಬಿಳಿಬಾಲದ ಜಿಂಕೆಯ (ವೈಟ್‌ಟೇಲ್) ಬೇಟೆಗೆ ಹೊರಡುವ ಕನ್ನಡಿಗರಿಗೆ ಗುರಿ ಹಿಡಿಯಲು ಕಲಿಸುವವರು ಬೇಕಾದಷ್ಟು ಸಿಗುತ್ತಾರೆ. ಏಟು ಅರೆಬರೆ ತಾಗಿದಾಗ ಏನು ಮಾಡಬೇಕೆಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಎದೆಗೆ ಸರಿಯಾಗಿ ಬಿದ್ದ ಏಟಿನಲ್ಲೂ ಜಿಂಕೆ ನಿಂತಲ್ಲೇ ಉರುಳುವುದು ಅಪರೂಪ. 50ರಿಂದ 100 ಗಜ ಓಡಿ, ಕಣ್ಣಿಗೆ ಬೀಳದ ಯಾವುದೋ ಪೊದೆಯಲ್ಲಿ ಸಾಯುತ್ತದೆ. ಹಾಗಾಗಿ ಜಾಡು ಹಿಡಿಯುವುದು ಎಡವಟ್ಟಾದಾಗ ಮಾತ್ರ ಬೇಕಾಗುವ ವಿದ್ಯೆಯಲ್ಲ. ಪ್ರತಿ ಬೇಟೆಯಲ್ಲೂ ಬೇಕು.

ಮೊದಲು ಕಾನೂನಿನ ಮಾತು. ಈ ಬರಹ ಕರ್ನಾಟಕಕ್ಕೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ ಬೇಟೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ಅಟ್ಟುವುದು, ಗಾಯ ಮಾಡುವುದು ಕೂಡ ಅದರಲ್ಲಿ 'ಬೇಟೆ'ಯೇ. ಊರಿನ ಕಡೆ ಗಾಯಗೊಂಡ ಪ್ರಾಣಿ ಕಂಡರೆ ಅದರ ಬೆನ್ನು ಹತ್ತಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಅಮೆರಿಕದಲ್ಲಿ ಇರುವವರೂ ತಿಳಿದಿರಬೇಕಾದ ಒಂದು ವಿಷಯವಿದೆ. ಎಚ್-1ಬಿ, ಎಫ್-1 ಥರದ ವಲಸೆಯೇತರ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಮಾಡಿಸುವ ಮುಂಚೆ, ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆಯೂ, ವಕೀಲರನ್ನು ಒಂದು ಮಾತು ಕೇಳಿ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮುಂಚೆ ಬೇಟೆಗಾರರ ತರಬೇತಿ ಮುಗಿಸಿರಬೇಕು.

ಬಿಡಬಾರದ ಈಡು

ಜಿಂಕೆಯ ಜೀವದ ಜಾಗ, ಅಂದರೆ ಗುಂಡಿಗೆ ಮತ್ತು ಎರಡು ಶ್ವಾಸಕೋಶ ಸೇರಿದ ಜಾಗ, ಸುಮಾರು 8 ಇಂಚು ಅಗಲ. ಊಟದ ಕಾಗದದ ತಟ್ಟೆಯಷ್ಟು. ನಿಮ್ಮ ದೂರದ ಮಿತಿ ಎಷ್ಟೆಂದು ತಿಳಿಯಲು ಆ ತಟ್ಟೆಯೇ ಸಾಕು. ಬೇಟೆಯ ದಿನ ಹಾಕುವ ದಪ್ಪ ಜಾಕೆಟ್ಟನ್ನೇ ಹಾಕಿಕೊಂಡು, ಬೆಂಚಿನ ಆಸರೆ ಇಲ್ಲದೆ, ಮಂಡಿಯೂರಿ ಅಥವಾ ಕೂತು 5 ಗುಂಡು ಬಿಡಿ. ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ನಾಲ್ಕು ಬಿದ್ದರೆ ಅದು ಮಿತಿಯ ಆಚೆ. ಬಿಲ್ಲಿನವರು ದಿನದ ಮೊದಲ ಬಾಣವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹತ್ತು ಬಾಣ ಬಿಟ್ಟು ಕೈ ಪಳಗಿದ ಮೇಲಿನ ಹನ್ನೊಂದನೆಯ ಬಾಣ ಕಾಡಿನಲ್ಲಿ ಸಿಗುವುದಿಲ್ಲ.

ಪೂರ್ತಿ ಪಕ್ಕ ಕೊಟ್ಟು ನಿಂತ ಜಿಂಕೆಗೆ ಮುಂಗಾಲಿನ ಹಿಂಬದಿಯ ಗೆರೆಯನ್ನು ಮೇಲಕ್ಕೆ ಎಳೆಯಿರಿ. ಹೊಟ್ಟೆಯ ಅಂಚಿನಿಂದ ಮೇಲೆ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ ಆ ಗೆರೆ ಸೇರುವ ಜಾಗವೇ ಗುರಿ. ಓರೆಯಾಗಿ ಆಚೆ ಮುಖ ಮಾಡಿ ನಿಂತಿದ್ದರೆ, ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲೇ ಕಂಡು, ಬಾಣ ಅಲ್ಲಿ ಹೊರಬರುವಂತೆ ಗುರಿಯಿಡಿ. ಬಿಲ್ಲಿಗೆ ಇವೆರಡೇ ಭಂಗಿ. ನಿಮ್ಮತ್ತ ಓರೆಯಾಗಿ ನಿಂತದ್ದು, ನೇರ ಎದುರು ನಿಂತದ್ದು, ಬೆನ್ನು ಹಾಕಿ ಹೊರಟದ್ದು, ಅಟ್ಟಣೆಯ ನೇರ ಕೆಳಗೆ ಬಂದದ್ದು, ಈ ಯಾವುದಕ್ಕೂ ಬಾಣ ಬಿಡಬೇಡಿ. ನೇರ ಕೆಳಗಿನ ಏಟು ಒಂದೇ ಶ್ವಾಸಕೋಶ ಹರಿದು ಹೊಟ್ಟೆಯ ಕಡೆ ಇಳಿಯುತ್ತದೆ. ಒಂದೇ ಶ್ವಾಸಕೋಶ ಹೋದ ಜಿಂಕೆ ಗಂಟೆಗಟ್ಟಲೆ ನಡೆಯಬಲ್ಲದು.

ಬೆನ್ನಿಗೂ ಶ್ವಾಸಕೋಶಕ್ಕೂ ನಡುವೆ ಖಾಲಿ ಜಾಗವಿದೆ, ಅಲ್ಲಿ ಬಾಣ ತೂರಿಹೋದರೂ ಜಿಂಕೆಗೆ ಏನೂ ಆಗುವುದಿಲ್ಲ ಎಂಬ ಮಾತು ಬೇಟೆಯ ಶಿಬಿರಗಳಲ್ಲಿ ಓಡಾಡುತ್ತದೆ. ಅಂಥ ಜಾಗವೇ ಇಲ್ಲ. ಭುಜದ ಹತ್ತಿರ ಬೆನ್ನುಹುರಿ ನಾವು ಅಂದುಕೊಳ್ಳುವುದಕ್ಕಿಂತ ಹಲವು ಇಂಚು ಕೆಳಗಿದೆ. ಅದರ ಮೇಲೆ ಇರುವುದು ಉದ್ದನೆಯ ಮೂಳೆಮುಳ್ಳುಗಳು ಮತ್ತು ಬೆನ್ನಿನ ಮಾಂಸ. ಬದುಕುಳಿದ ಜಿಂಕೆಗಳಿಗೆ ಬಾಣ ತಾಗಿದ್ದು ಹುರಿಯ ಮೇಲೆ. ಹುರಿಯ ಕೆಳಗೆ ತಾಗಿದರೆ ಶ್ವಾಸಕೋಶವೇ.

ಬಿಲ್ಲಿನ ದೂರಕ್ಕೆ ಇನ್ನೊಂದು ಲೆಕ್ಕವಿದೆ. ಸೆಕೆಂಡಿಗೆ 280 ಅಡಿ ಹೋಗುವ ಬಾಣಕ್ಕೆ 30 ಗಜ ದಾಟಲು 0.32 ಸೆಕೆಂಡು ಬೇಕು. ಹೆದೆಯ ಸದ್ದು 0.08 ಸೆಕೆಂಡಿನಲ್ಲೇ ಜಿಂಕೆಯ ಕಿವಿಗೆ ಮುಟ್ಟಿರುತ್ತದೆ. ಉಳಿದ ಕಾಲು ಸೆಕೆಂಡಿನಲ್ಲಿ ಅದು ಜಿಗಿಯಲು ಕಾಲು ಮಡಿಸಿ ಕುಸಿಯುತ್ತದೆ, ಮೈ ಕೆಲವು ಇಂಚು ಕೆಳಗಿಳಿಯುತ್ತದೆ. ಶ್ವಾಸಕೋಶಕ್ಕೆ ಇಟ್ಟ ಗುರಿ ಬೆನ್ನಿಗೆ ಬೀಳುವುದು ಹೀಗೆ. ಕಿವಿ ನಿಮಿರಿಸಿ ಕತ್ತೆತ್ತಿ ನೋಡುತ್ತಿರುವ ಜಿಂಕೆಗೆ 20 ಗಜವೂ ಹೆಚ್ಚೇ. ತಲೆ ತಗ್ಗಿಸಿ ಮೇಯುವವರೆಗೆ ಕಾಯಿರಿ.

ತಲೆಗೆ, ಕುತ್ತಿಗೆಗೆ ಹೊಡೆದರೆ ಮಾಂಸ ಹಾಳಾಗುವುದಿಲ್ಲ ಎಂದು ವಾದಿಸುವವರು ಇದ್ದಾರೆ. ತಲೆ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲ್ಲಾಡುವ ಭಾಗ. ಎರಡು ಇಂಚು ತಪ್ಪಿದರೆ ದವಡೆ ಒಡೆಯುತ್ತದೆ. ದವಡೆ ಒಡೆದ ಜಿಂಕೆ ಓಡಿ ತಪ್ಪಿಸಿಕೊಂಡು, ಮೇಯಲಾಗದೆ, ದಿನಗಟ್ಟಲೆ ನರಳಿ ಸಾಯುತ್ತದೆ. ಆ ಈಡು ಬೇಡವೇ ಬೇಡ.

ಇನ್ನು ಕೆಲವನ್ನು ಟ್ರಿಗರ್ ಮುಟ್ಟುವ ಮುಂಚೆಯೇ ನೋಡಿಕೊಳ್ಳಬೇಕು. ಹಿಂದೆ ಇನ್ನೊಂದು ಜಿಂಕೆ ನಿಂತಿದೆಯೇ? ಗುಂಡು ಒಂದನ್ನು ದಾಟಿ ಇನ್ನೊಂದಕ್ಕೆ ತಾಗುತ್ತದೆ. ದಿಬ್ಬದ ನೆತ್ತಿಯಲ್ಲಿ, ಹಿಂದೆ ಬರೀ ಆಕಾಶ ಇದೆಯೇ? ಆ ಗುಂಡು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ನಡುವೆ ಕಡ್ಡಿಪೊದೆ ಇದೆಯೇ? ಎಷ್ಟೇ ಭಾರದ ಗುಂಡಾದರೂ ರೆಂಬೆಗೆ ತಾಗಿದರೆ ದಿಕ್ಕು ಬದಲಿಸುತ್ತದೆ. ಪಕ್ಕದವರ ಬೇಲಿ 50 ಗಜದಲ್ಲಿದೆಯೇ? ಸರಿಯಾಗಿ ಏಟು ತಿಂದ ಜಿಂಕೆಯೂ ಅದನ್ನು ದಾಟಿ ಬೀಳಬಹುದು. ಬೆಳಕು ಮುಳುಗುವ ಕೊನೆಯ ಹತ್ತು ನಿಮಿಷವೇ? ಹಾಗಾದರೆ ಹುಡುಕುವುದು ಕತ್ತಲಲ್ಲಿ ಎಂದು ಒಪ್ಪಿಕೊಂಡೇ ಹೊಡೆಯಬೇಕು.

ಏಟು ಬಿದ್ದ ಕ್ಷಣ

ಮೊದಲ ಕೆಲಸ ಇನ್ನೊಂದು ತೋಟಾ ತುಂಬುವುದು, ಅಥವಾ ಇನ್ನೊಂದು ಬಾಣ ಹೂಡುವುದು. ಜಿಂಕೆ ಇನ್ನೂ ನಿಂತಿದ್ದು ಪಕ್ಕ ಕಾಣುತ್ತಿದ್ದರೆ ಮತ್ತೆ ಹೊಡೆಯಿರಿ. 'ಬಿದ್ದಿದೆ, ಸಾಯುತ್ತದೆ' ಎಂದು ಎರಡನೇ ತೋಟಾ ಉಳಿಸಿ ಮೂರು ಮೈಲಿ ನಡೆದವರು ಬಹಳ ಜನ. ಅದರಲ್ಲೂ ಕೋವಿ ಏಟಿಗೆ ಧೊಪ್ಪೆಂದು ನಿಂತಲ್ಲೇ ಕುಸಿದ ಜಿಂಕೆಯನ್ನು ನಂಬಬೇಡಿ. ಬೆನ್ನಿನ ಮೂಳೆಮುಳ್ಳಿಗೆ ಮಾತ್ರ ಗುಂಡು ಸವರಿದ್ದರೆ ಅದು ಆಘಾತಕ್ಕೆ ಬಿದ್ದು, ಅರೆ ನಿಮಿಷದಲ್ಲಿ ಎದ್ದು, ಏನೂ ಆಗಿಲ್ಲವೆಂಬಂತೆ ಓಡಿಹೋಗುತ್ತದೆ.

ಎರಡನೆಯದು ನೋಡುವುದು. ಗುಂಡಿಗೆಗೆ ತಾಗಿದ ಜಿಂಕೆ ಹಿಂಗಾಲು ಝಾಡಿಸಿ ಜಿಗಿದು, ಮೈ ನೆಲಕ್ಕೆ ತಗ್ಗಿಸಿ, ಪೊದೆಗಳಿಗೆ ಗುದ್ದುತ್ತಾ ಓಡುತ್ತದೆ. ಹೊಟ್ಟೆಗೆ ತಾಗಿದ್ದು ಬೆನ್ನು ಗೂನು ಮಾಡಿ, ನಾಲ್ಕು ಹೆಜ್ಜೆ ಓಡಿ, ಆಮೇಲೆ ಮೆಲ್ಲಗೆ ನಡೆದು ಹೋಗುತ್ತದೆ. ಆ ಗೂನು ಬೆನ್ನನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಾಲಿಗೆ ತಾಗಿದ್ದು ಮುಗ್ಗರಿಸುತ್ತದೆ. ಸದ್ದೂ ಗಮನಿಸಿ. ಹೊಟ್ಟೆಗೆ ಬಿದ್ದ ಏಟಿನ ಸದ್ದು ತುಂಬಿದ ಮೂಟೆಗೆ ಹೊಡೆದಂತೆ, ಮೂಳೆಗೆ ಬಿದ್ದದ್ದು ಒಣ ಕಟ್ಟಿಗೆ ಮುರಿದಂತೆ. ಆದರೂ ಬರೀ ನೋಟ, ಬರೀ ಸದ್ದು ನಂಬಿ ತೀರ್ಮಾನಕ್ಕೆ ಬರಬೇಡಿ.

ಮೂರನೆಯದು ಗುರುತು. ಜಿಂಕೆ ನಿಂತಿದ್ದ ಜಾಗ ಮತ್ತು ಕೊನೆಗೆ ಕಂಡ ಜಾಗ, ಎರಡಕ್ಕೂ ಒಂದೊಂದು ಮರ ಅಥವಾ ಕಲ್ಲನ್ನು ಮನಸ್ಸಿನಲ್ಲಿ ನಾಟಿಕೊಳ್ಳಿ. ಕೂತಲ್ಲಿಂದಲೇ ಫೋನಿನಲ್ಲಿ ಫೋಟೋ ತೆಗೆಯಿರಿ, ದಿಕ್ಸೂಚಿಯ ಅಂಕಿ ಬರೆದುಕೊಳ್ಳಿ, ಗಡಿಯಾರ ನೋಡಿ. ಅಟ್ಟಣೆಯಿಂದ ಇಳಿದ ಮೇಲೆ ಕಾಡು ಬೇರೆಯದೇ ಆಗಿ ಕಾಣುತ್ತದೆ. ಮೇಲಿಂದ ಸ್ಪಷ್ಟವಾಗಿದ್ದ ಓಕ್ ಮರ ಕೆಳಗೆ ಬಂದರೆ ಹತ್ತು ಓಕ್ ಮರಗಳಲ್ಲಿ ಒಂದಾಗಿರುತ್ತದೆ.

ಆಮೇಲೆ ಸುಮ್ಮನೆ ಕೂತಿರಿ. ಕಣ್ಣೆದುರೇ ಬಿದ್ದಿದ್ದರೂ ಅರ್ಧ ಗಂಟೆ. ಆಗ ಎದೆ ಡವಗುಟ್ಟುತ್ತಿರುತ್ತದೆ, ಕೈ ನಡುಗುತ್ತಿರುತ್ತದೆ, ಕಾಲು ತಾನೇ ಎದ್ದು ಹೊರಡುತ್ತದೆ. ಕೈಗೆ ಸಿಗಬೇಕಿದ್ದ ಜಿಂಕೆಗಳು ತಪ್ಪಿಹೋಗುವುದು ಹೆಚ್ಚಾಗಿ ಈ ಅರ್ಧ ಗಂಟೆಯ ಆತುರದಲ್ಲೇ.

ಏಟು ಬಿದ್ದ ಜಾಗ ಏನು ಹೇಳುತ್ತದೆ

ಅರ್ಧ ಗಂಟೆ ಆದ ಮೇಲೆ ಸದ್ದಿಲ್ಲದೆ ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ. ಮುಂದಕ್ಕೆ ಹೋಗಬೇಡಿ, ಅಲ್ಲೇ ಮಂಡಿಯೂರಿ. ಬಾಣವಾದರೆ ಬಹಳ ಸಲ ಅಲ್ಲೇ ಮಣ್ಣಿಗೆ ನೆಟ್ಟಿರುತ್ತದೆ. ಅದನ್ನು ತೆಗೆದು ನೋಡಿ, ಬೆರಳಲ್ಲಿ ಸವರಿ, ಮೂಸಿ.

ತಿಳಿ ಗುಲಾಬಿ ಕೆಂಪು, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶ. ಕಡುಗೆಂಪು, ಗುಳ್ಳೆ ಇಲ್ಲದೆ ಗಟ್ಟಿಯಾಗಿದ್ದರೆ ಲಿವರ್. ಹೊಳೆಯುವ ಕೆಂಪು, ಗುಳ್ಳೆ ಇಲ್ಲ, ಎರಚಿದಂತೆ ಬಹಳ ಇದೆ ಎಂದರೆ ಗುಂಡಿಗೆ ಅಥವಾ ದೊಡ್ಡ ರಕ್ತನಾಳ ಇರಬಹುದು. ಮಾಂಸಕ್ಕೆ ಮಾತ್ರ ತಾಗಿದ ಗಾಯವೂ ಮೊದಲಲ್ಲಿ ಹೀಗೇ ಕಂಡು, 150–200 ಗಜದೊಳಗೆ ಹನಿಹನಿಯಾಗಿ ನಿಂತುಹೋಗುತ್ತದೆ. ಬಾಣದ ಮೇಲೆ ಹಸಿರು-ಕಂದು ಲೋಳೆ, ಅಗಿದ ಸೊಪ್ಪಿನ ಚೂರು, ತೊಳೆಯದ ಬೋಟಿಯ ವಾಸನೆ ಇದ್ದರೆ ಹೊಟ್ಟೆ ಅಥವಾ ಕರುಳು. ಬೋಟಿ ಸಾರು ಮಾಡುವ ಮನೆಯವರಿಗೆ ಆ ವಾಸನೆಯ ಗುರುತು ಹೇಳಿಕೊಡಬೇಕಿಲ್ಲ. ಬಣ್ಣ ಅನುಮಾನ ತಂದರೂ ಮೂಗು ಮೋಸ ಮಾಡುವುದಿಲ್ಲ. ಬಾಣಕ್ಕೆ ಬರೀ ಕೊಬ್ಬಿನ ಜಿಡ್ಡು ಅಂಟಿದ್ದರೆ ಬೆನ್ನನ್ನೋ ಎದೆಯ ಕೆಳ ಅಂಚನ್ನೋ ಸವರಿರಬಹುದು.

ಕೂದಲೂ ಮಾತಾಡುತ್ತದೆ. ಬಿಳಿ ಕೂದಲು ಹೊಟ್ಟೆಯ ಅಡಿ ಅಥವಾ ಕಾಲಿನ ಒಳಬದಿಯದು. ತುದಿ ಕಪ್ಪಗಿರುವ ಉದ್ದ, ಒರಟು ಕೂದಲು ಬೆನ್ನಿನದು. ಪಕ್ಕೆಯ ಕೂದಲು ಕಂದು, ಅಷ್ಟು ಉದ್ದವಿಲ್ಲ. ಹಿಡಿಗಟ್ಟಲೆ ಕೂದಲು ಉದುರಿ ರಕ್ತ ಮಾತ್ರ ಇಲ್ಲವೆಂದರೆ ಏಟು ಮೇಲ್ಮೈ ಸವರಿದೆ ಎನ್ನುವ ಸಾಧ್ಯತೆ ಹೆಚ್ಚು. ಮೂಳೆ ಚೂರು ಸಿಕ್ಕರೆ ಆಕಾರ ನೋಡಿ. ಚಪ್ಪಟೆಯಾದದ್ದು ಪಕ್ಕೆಲುಬು. ಕೊಳವೆಯ ಸಿಪ್ಪೆಯಂತೆ ಬಾಗಿ, ಒಳಗೆ ಮಜ್ಜೆ ಅಂಟಿದ್ದರೆ ಕಾಲು.

ರಕ್ತವೇ ಕಾಣದಿದ್ದರೆ 'ತಪ್ಪಿತು' ಎಂದು ಹಿಂತಿರುಗಬೇಡಿ. ಮೊದಲ 20–30 ಗಜ ಒಂದು ಹನಿಯೂ ಬೀಳದಿರುವುದು ಸಾಮಾನ್ಯ. ಏಟು ಮೇಲೆ ಬಿದ್ದು ಗುಂಡು ಆಚೆ ಹೊರಬರದಿದ್ದರೆ ರಕ್ತವೆಲ್ಲ ಎದೆಗೂಡಿನೊಳಗೇ ತುಂಬುತ್ತದೆ. ಸುಮಾರು 70 ಕಿಲೋ ತೂಗುವ ಜಿಂಕೆಯಲ್ಲಿ 4 ಲೀಟರ್ ಆಸುಪಾಸು ರಕ್ತವಿರುತ್ತದೆ. ಅದರಲ್ಲಿ ಮೂರನೆಯ ಒಂದು ಪಾಲು ಹೋದರೆ ಜಿಂಕೆ ಬೀಳುತ್ತದೆ. ಆ ಪಾಲು ನೆಲಕ್ಕೇ ಬೀಳಬೇಕೆಂದಿಲ್ಲ. ಗುಂಡು ಎಲ್ಲಿಗೆ ಹೋಯಿತೆಂದು ಖಚಿತವಾಗುವವರೆಗೆ ಪ್ರತಿ ಈಡನ್ನೂ ತಾಗಿದ ಈಡೆಂದೇ ಎಣಿಸಿ ಕನಿಷ್ಠ 200 ಗಜ ಹುಡುಕಬೇಕು.

ಎಷ್ಟು ಕಾಯಬೇಕು

ಎರಡೂ ಶ್ವಾಸಕೋಶ ಅಥವಾ ಗುಂಡಿಗೆ: ಅರ್ಧ ಗಂಟೆ.
ಲಿವರ್: 4ರಿಂದ 6 ಗಂಟೆ.
ಹೊಟ್ಟೆ, ಕರುಳು: 8ರಿಂದ 12 ಗಂಟೆ. ಸಂಜೆಯ ಏಟಾದರೆ ಬೆಳಗಿನವರೆಗೆ.
ಏನೂ ತಿಳಿಯದಿದ್ದರೆ: ಲಿವರ್ ಎಂದೇ ಎಣಿಸಿ.

ಹೊಟ್ಟೆ ಏಟಿಗೆ ಇಷ್ಟು ಕಾಯುವುದೇಕೆ? ಹೊಟ್ಟೆಗೆ ಏಟು ಬಿದ್ದ ಜಿಂಕೆಗೆ ಓಡುವ ಮನಸ್ಸಿರುವುದಿಲ್ಲ. ಅದಕ್ಕೆ ಸಂಕಟ, ಮಲಗಬೇಕು. ಯಾರೂ ಹಿಂದೆ ಬರದಿದ್ದರೆ ಬಹಳ ಸಲ 200–300 ಗಜದೊಳಗೆ ಮೊದಲು ಸಿಗುವ ದಟ್ಟ ಪೊದೆಯಲ್ಲಿ ಮಲಗಿ, ಅಲ್ಲೇ ಅಥವಾ ಎರಡನೆಯ ಮಲಗುವ ಜಾಗದಲ್ಲಿ ಸಾಯುತ್ತದೆ. ನೀವು ಒಂದು ಗಂಟೆಗೇ ಹೋಗಿ ಎಬ್ಬಿಸಿದರೆ ಹೆದರಿಕೆಗೆ ಅರ್ಧ ಮೈಲಿ ಓಡುತ್ತದೆ. ಕರುಳಿನ ಕೊಬ್ಬು ಗಾಯದ ತೂತಿಗೆ ಬಿರಡೆಯಂತೆ ಕೂತಿರುವುದರಿಂದ ಆ ಓಟದಲ್ಲಿ ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಆಗ ಜಿಂಕೆಗೂ ನರಳಾಟ ಹೆಚ್ಚು, ನಿಮಗೂ ಜಾಡಿಲ್ಲ.

ನರಳುತ್ತಿರುವ ಪ್ರಾಣಿಯನ್ನು ಹಾಗೇ ಬಿಟ್ಟು ಕೂರುವುದು ಕಲ್ಲುಮನಸ್ಸು ಅನ್ನಿಸುತ್ತದೆ. ಮನಸ್ಸು ಹಾಗೆ ಅಳುಕುವುದು ಸರಿಯೇ. ಆದರೆ ಬೇಗ ಹೋದರೆ ಬೇಗ ಮುಗಿಸಬಹುದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮಳೆ ಬರುವ ಹಾಗಿದ್ದರೆ? ಶ್ವಾಸಕೋಶದ ಏಟೆಂದು ಖಚಿತವಿದ್ದರೆ ಅರ್ಧ ಗಂಟೆ ಆದೊಡನೆ ಹೊರಡಿ. ಹೊಟ್ಟೆ ಏಟಾದರೆ ಮಳೆ ಬಂದರೂ ಕಾಯುವುದೇ ಮೇಲು. ತೊಳೆದುಹೋಗಲು ಅಲ್ಲಿ ಹೆಚ್ಚು ರಕ್ತವೂ ಇರುವುದಿಲ್ಲ, ಮಲಗಿದ ಜಿಂಕೆ ಇರುವುದು ಆ 300 ಗಜದೊಳಗೇ. ಸೆಖೆ ಬೇರೆ ಮಾತು. ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಬೆಳಗಾಗುವುದರೊಳಗೆ ಮಾಂಸ ಕೆಡಬಹುದು, ಕಯೋಟಿಗಳು (ತೋಳದ ಜಾತಿಯ ಸಣ್ಣ ಕಾಡುಪ್ರಾಣಿ) ಇರುವ ಕಡೆ ಅವು ನಿಮಗಿಂತ ಮೊದಲೇ ಹುಡುಕಿ ತಿನ್ನಬಹುದು. ಮಾಂಸದ ಆಸೆಗೆ ಎಬ್ಬಿಸಿ ಓಡಿಸಿದರೆ ಮಾಂಸವೂ ಇಲ್ಲ, ಜಿಂಕೆಯೂ ಇಲ್ಲ. ಅಂಥ ರಾತ್ರಿ ಜಾಡು ಹಿಡಿಯುವ ನಾಯಿ ಇರುವವರಿಗೆ ಫೋನ್ ಮಾಡಬೇಕು. ಅದು ಮುಂದೆ ಬರುತ್ತದೆ.

ಕಾಲಿಗೆ ಅಥವಾ ಬರೀ ಮಾಂಸಕ್ಕೆ ತಾಗಿದ್ದಕ್ಕೆ ಒಮ್ಮತವಿಲ್ಲ. ಗಾಯ ಹೆಪ್ಪುಗಟ್ಟದಂತೆ ಕೂಡಲೇ ಬೆನ್ನಟ್ಟಬೇಕೆನ್ನುವವರು ಕೆಲವರು, ಮಲಗಲು ಬಿಡಬೇಕೆನ್ನುವವರು ಕೆಲವರು. ಕೋವಿ ಇದ್ದು, ಬೆಳಕಿದ್ದು, ವಿಶಾಲವಾದ ಸ್ವಂತ ಅಥವಾ ಸರ್ಕಾರಿ ಜಾಗವಿದ್ದರೆ ನಿಧಾನವಾಗಿ ಹಿಂದೆಯೇ ಹೋಗಿ ಇನ್ನೊಂದು ಈಡಿಗೆ ಪ್ರಯತ್ನಿಸಬಹುದು. ಬಿಲ್ಲಿನವರು ಅದನ್ನು ಮಾಡದಿರುವುದು ಒಳ್ಳೆಯದು.

ಜಾಡಿನ ಮೇಲೆ

ಚೀಲದಲ್ಲಿ ಇಷ್ಟಿರಲಿ: ತಲೆಗೆ ಕಟ್ಟುವ ಟಾರ್ಚ್ ಮತ್ತು ಹೆಚ್ಚಿನ ಬ್ಯಾಟರಿ, ಬಿಳಿ ಟಾಯ್ಲೆಟ್ ಪೇಪರ್ ಒಂದು ಸುರುಳಿ, ಕಿತ್ತಳೆ ಗುರುತಿನ ಟೇಪು, ದಿಕ್ಸೂಚಿ, ಕೈಗವಸು, ಚಾಕು, ಹಗ್ಗ, ನೀರು, ಮತ್ತು ಔಷಧಿ ಅಂಗಡಿಯಲ್ಲಿ ಸಿಗುವ 3% ಹೈಡ್ರೋಜನ್ ಪೆರಾಕ್ಸೈಡ್ ತುಂಬಿದ ಸಣ್ಣ ಸ್ಪ್ರೇ ಬಾಟಲಿ.

ಪೆರಾಕ್ಸೈಡ್ ಯಾಕೆಂದರೆ, ಅಕ್ಟೋಬರ್ ಹೊತ್ತಿಗೆ ಅಲ್ಲಿನ ಮೇಪಲ್ ಎಲೆಗಳು ತಾವೇ ಕೆಂಪಾಗಿ, ಕೆಲವಕ್ಕೆ ಕೆಂಪು ಚುಕ್ಕೆ ಬಿದ್ದಿರುತ್ತದೆ. ಇಬ್ಬನಿ ಬಿದ್ದ ಚುಕ್ಕೆ ರಕ್ತದ ಹನಿಯಂತೆಯೇ ಹೊಳೆಯುತ್ತದೆ. ಎಲೆ ಎತ್ತಿ ಒದ್ದೆ ಪೇಪರಿನಿಂದ ಒತ್ತಿ. ಪೇಪರಿಗೆ ಬಣ್ಣ ಹತ್ತಿದರೆ ರಕ್ತ, ಹತ್ತದಿದ್ದರೆ ಎಲೆಯ ಬಣ್ಣ. ಒಣಗಿ ಕಪ್ಪಾದ ಹನಿಗೆ ಪೆರಾಕ್ಸೈಡ್ ಸಿಂಪಡಿಸಿ: ರಕ್ತವಾದರೆ ಬುಸುಬುಸು ಬಿಳಿ ನೊರೆ ಏಳುತ್ತದೆ. ಕೆಂಪು-ಹಸಿರು ಬಣ್ಣಗುರುಡು ಇರುವವರಿಗಂತೂ ಈ ಬಾಟಲಿ ಇಲ್ಲದೆ ಜಾಡೇ ಇಲ್ಲ.

ಜಾಡಿನ ಮೇಲೆ ನಡೆಯಬೇಡಿ, ಪಕ್ಕದಲ್ಲಿ ನಡೆಯಿರಿ. ಮತ್ತೆ ಹಿಂದಕ್ಕೆ ಬಂದು ನೋಡಬೇಕಾದಾಗ ನಿಮ್ಮ ಬೂಟು ತುಳಿದ ಎಲೆಯಲ್ಲಿ ಏನೂ ಉಳಿದಿರುವುದಿಲ್ಲ. ಇಬ್ಬರು ಸಾಕು, ಮೂವರು ಹೆಚ್ಚು. ಒಬ್ಬರು ಕೊನೆಯ ರಕ್ತದ ಗುರುತಿನಲ್ಲಿ ಅಲ್ಲಾಡದೆ ನಿಂತಿರಬೇಕು, ಇನ್ನೊಬ್ಬರು ಮುಂದಿನದನ್ನು ಹುಡುಕಬೇಕು. ಸಿಕ್ಕಿದ ಮೇಲೆ ನಿಂತವರು ಅಲ್ಲಿಗೆ ಬಂದು ನಿಲ್ಲುವುದು. ಮಾತು ಬೇಡ, ಬೆರಳು ಸನ್ನೆ ಸಾಕು. ಹತ್ತು ಹದಿನೈದು ಹೆಜ್ಜೆಗೊಂದು ಪೇಪರ್ ತುಣುಕು ಸಿಕ್ಕಿಸುತ್ತಾ ಹೋಗಿ. ರಕ್ತ ನಿಂತುಹೋದಾಗ ಹಿಂತಿರುಗಿ ನೋಡಿದರೆ ಆ ಬಿಳಿ ತುಣುಕುಗಳ ಸಾಲು ಜಿಂಕೆ ಯಾವ ಕಡೆ ಬಾಗುತ್ತಿದೆಯೆಂದು ತೋರಿಸುತ್ತದೆ.

ಒಂದು ಹನಿಯನ್ನು ಹತ್ತಿರದಿಂದ ನೋಡಿ. ಸುತ್ತಲೂ ಸಮನಾಗಿ ಮುಳ್ಳು ಚಾಚಿದ ದುಂಡು ಹನಿಯಾದರೆ ಜಿಂಕೆ ಅಲ್ಲಿ ನಿಂತಿತ್ತು. ಒಂದು ಬದಿಗೆ ಉದ್ದವಾಗಿ ಬಾಲ ಎಳೆದಿದ್ದರೆ ಅದು ಓಡುತ್ತಿತ್ತು, ಬಾಲ ಇರುವ ಕಡೆಯೇ ಹೋದ ದಿಕ್ಕು. ಒಂದೇ ಜಾಗದಲ್ಲಿ ಹತ್ತಾರು ದುಂಡು ಹನಿ ಕಂಡರೆ ಅದು ಅಲ್ಲಿ ನಿಂತು ಹಿಂದಕ್ಕೆ ನೋಡಿದೆ. ಬಹಳ ಸಲ ಅಲ್ಲಿಂದಲೇ ದಾರಿ ಬದಲಿಸಿರುತ್ತದೆ. ನೆಲವನ್ನೇ ನೋಡುತ್ತಾ ಹೋಗಬೇಡಿ. ಹುಲ್ಲಿನ ಗರಿಯ ಅಡಿಮೈ, ಗಿಡದ ಕಾಂಡ, ಬಿದ್ದ ಮರ ದಾಟಿದ್ದರೆ ಅದರ ಮೇಲ್ಭಾಗ ನೋಡಿ. ಸಸಿಗಳ ಮೇಲೆ ಎರಡಡಿ ಎತ್ತರದಲ್ಲಿ ಉಜ್ಜಿದ ರಕ್ತ ಗಾಯ ಎಷ್ಟು ಎತ್ತರದಲ್ಲಿದೆಯೆಂದು ಹೇಳುತ್ತದೆ. ದಾರಿಯ ಎರಡೂ ಬದಿಗೆ ರಕ್ತವಿದ್ದರೆ ಗುಂಡು ಆಚೆ ಹೊರಬಂದಿದೆ, ಒಳ್ಳೆಯ ಸೂಚನೆ. ರಕ್ತ ಇಲ್ಲದ ಕಡೆ ಗೊರಸು ನೋಡಿ. ನಡೆಯುವ ಜಿಂಕೆ ಎಲೆ ಕೆದಕುವುದಿಲ್ಲ. ಓಡುವುದು ಗೊರಸಿನ ಎರಡು ಸೀಳು ಅಗಲಿಸಿ ಒದ್ದೆ ಎಲೆಯನ್ನು ಮೇಲೆ ಮಗುಚಿ, ಕರಿ ಮಣ್ಣು ಎರಚಿ ಹೋಗಿರುತ್ತದೆ.

ಪ್ರತಿ ಹತ್ತು ಹೆಜ್ಜೆಗೆ ನಿಂತು ಮುಂದೆ ಕಣ್ಣಾಡಿಸಿ. ಇಡೀ ಜಿಂಕೆಯನ್ನು ಹುಡುಕಬೇಡಿ. ನೆಟ್ಟಗಿನ ಮರಗಳ ನಡುವೆ ಅಡ್ಡಲಾಗಿ ಒಂದು ಗೆರೆ, ಹೊಟ್ಟೆಯ ಬಿಳುಪು, ಒಂದು ಕಿವಿ, ಅಷ್ಟನ್ನು ಹುಡುಕಿ. ಹುಲ್ಲು ಅದುಮಿ ಮಲಗಿದ ಗುರುತು, ಅದರಲ್ಲಿ ರಕ್ತ ಸಿಕ್ಕಿ ಜಿಂಕೆ ಇಲ್ಲದಿದ್ದರೆ ನೀವು ಬೇಗ ಬಂದಿದ್ದೀರಿ. ಅಲ್ಲಿಗೇ ನಿಲ್ಲಿ. ಟೇಪು ಕಟ್ಟಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಇನ್ನೂ 4–6 ಗಂಟೆ ಕಾಯಿರಿ.

ಜಾಡು ತಪ್ಪಿದಾಗ

ಕೊನೆಯ ರಕ್ತದ ಗುರುತೇ ಎಲ್ಲಕ್ಕೂ ಬುಡ. ಅಲ್ಲಿ ಎರಡು ಟೇಪು ಕಟ್ಟಿ. ಮೊದಲು ಅದರ ಸುತ್ತ ಹತ್ತು ಅಡಿ, ಆಮೇಲೆ ಇಪ್ಪತ್ತು ಅಡಿ ಸುತ್ತು ಹಾಕಿ. ಸಿಗದಿದ್ದರೆ ಅಲ್ಲಿಂದ ಹೊರಡುವ ಜಿಂಕೆ ದಾರಿಗಳಲ್ಲಿ ಒಂದೊಂದನ್ನೂ 50 ಗಜ ನೋಡಿ. ಗಾಯಗೊಂಡದ್ದು ಇಳಿಜಾರಿಗೇ ಇಳಿಯುತ್ತದೆ ಎನ್ನುವುದನ್ನು ನೆಚ್ಚಬೇಡಿ, ಗುಡ್ಡ ಹತ್ತಿ ಸತ್ತವೂ ಬಹಳ. ಹೊಟ್ಟೆ ಏಟಿನವು ಬಹಳ ಸಲ ನೀರಿನ ಕಡೆ ಹೋಗುವುದು ಮಾತ್ರ ನಿಜ. ತೊರೆಯ ಎರಡೂ ದಡ, ಜೌಗಿನ ಅಂಚು, ಉರುಳಿದ ಮರದ ರೆಂಬೆಗಳ ಒಳಗೆ ನೋಡಿ.

ಇದೂ ಆಗದಿದ್ದರೆ ಪಟ್ಟಿ ಹುಡುಕಾಟ. ಫೋನಿನ ನಕ್ಷೆಯಲ್ಲಿ ನಡೆದ ಗೆರೆ ದಾಖಲಾಗುವಂತೆ ಇಟ್ಟು, ಹತ್ತು ಹೆಜ್ಜೆ ಅಂತರದಲ್ಲಿ ಸಮಾನಾಂತರವಾಗಿ ಹೋಗಿ ಬನ್ನಿ. ಆದರೆ ನಾಯಿಯನ್ನು ಕರೆಸುವ ಯೋಚನೆ ಇದ್ದರೆ ಈ ಓಡಾಟಕ್ಕೆ ಮುಂಚೆಯೇ ಕರೆಸಿ. ನಾಲ್ಕು ಜನ ರಕ್ತ ತುಳಿದ ಬೂಟಿನಲ್ಲಿ ಕಾಡೆಲ್ಲ ಅಲೆದ ಮೇಲೆ ನಾಯಿಗೆ ಎಲ್ಲ ಕಡೆಯೂ ಜಾಡೇ.

ರಕ್ತದ ಜಾಡು ಹಿಡಿಯುವ ನಾಯಿಯನ್ನು ಸುಮಾರು 30 ಅಡಿಯ ಹಗ್ಗದಲ್ಲಿ ಹಿಡಿದು ನಡೆಸುತ್ತಾರೆ. ಜರ್ಮನಿಯಲ್ಲಿ ಇದು ಹಳೆಯ ಶಿಸ್ತು. ಹ್ಯಾನೋವರ್ ಮತ್ತು ಬವೇರಿಯದ ಹೌಂಡ್ ತಳಿಗಳನ್ನು ಇದಕ್ಕೆಂದೇ ಬೆಳೆಸಿದರು. ಅಮೆರಿಕದಲ್ಲಿ 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜಾನ್ ಜೀನನೆ ಒರಟು ಕೂದಲಿನ ಡ್ಯಾಕ್ಸ್‌ಹೌಂಡ್‌ಗಳೊಂದಿಗೆ ಇದನ್ನು ಬೆಳೆಸಿದರು. ಈಗ ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಎಂಬ ಸಂಘ ನಾಯಿ ಇರುವವರ ಪಟ್ಟಿಯನ್ನು ರಾಜ್ಯವಾರು ಇಟ್ಟಿದೆ. ನಾಯಿ ಹಿಡಿಯುವುದು ರಕ್ತದ ವಾಸನೆ ಒಂದನ್ನೇ ಅಲ್ಲ. ಜಿಂಕೆಯ ಗೊರಸಿನ ಸೀಳಿನ ನಡುವಿನ ಗ್ರಂಥಿಯ ವಾಸನೆಯನ್ನೂ ಹಿಡಿಯುತ್ತದೆ. ಹಾಗಾಗಿ ಹನಿ ರಕ್ತವಿಲ್ಲದ, ಒಂದು ರಾತ್ರಿ ಕಳೆದ ಜಾಡೂ ಅದಕ್ಕೆ ಸಿಗುತ್ತದೆ. ಬೇಟೆಗೆ ಹೊರಡುವ ಮುಂಚೆಯೇ ಹತ್ತಿರದ ಒಬ್ಬರ ನಂಬರ್ ಫೋನಿನಲ್ಲಿರಲಿ. ನಿಮ್ಮ ರಾಜ್ಯದ ನಿಯಮವನ್ನೂ ಓದಿಕೊಳ್ಳಿ.

ಬೇಲಿ ದಾಟುವ ವಿಷಯದಲ್ಲಿ ಅವಸರ ಬೇಡ. ವಿಸ್ಕಾನ್ಸಿನ್‌ನಲ್ಲಿ ಗಾಯಗೊಂಡ ಪ್ರಾಣಿಯನ್ನು ತರಲೂ ಪಕ್ಕದವರ ಜಮೀನಿಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಕೋವಿ, ಬಿಲ್ಲು ಬಿಟ್ಟು ಹೋಗಿ ಬಾಗಿಲು ತಟ್ಟಿ ಕೇಳಿ. ಒಪ್ಪದಿದ್ದರೆ ವನ್ಯಜೀವಿ ವಾರ್ಡನ್‌ಗೆ ಫೋನ್ ಮಾಡಿ. ರಾತ್ರಿ ಹುಡುಕುವಾಗ ಕೋವಿ ಜೊತೆಗಿರಬಹುದೇ ಎಂಬುದೂ ರಾಜ್ಯಕ್ಕೊಂದು ರೀತಿ. ಅದನ್ನೂ ಅವರಲ್ಲೇ ಕೇಳಿಕೊಳ್ಳಿ.

ಎಲ್ಲಿಯವರೆಗೆ ಹುಡುಕಬೇಕು? ಬೆಳಕಿರುವ ಒಂದು ಇಡೀ ದಿನ, ಪಟ್ಟಿ ಹುಡುಕಾಟ ಮುಗಿಯುವವರೆಗೆ. ಮರುದಿನ ಕಾಗೆಗಳು ಒಂದೇ ಕಡೆ ಇಳಿಯುತ್ತಿದ್ದರೆ ಅಲ್ಲಿಗೂ ಹೋಗಿ ನೋಡಬೇಕು. ನಮೀಬಿಯ, ದಕ್ಷಿಣ ಆಫ್ರಿಕದ ಬೇಟೆ ಫಾರಂಗಳಲ್ಲಿ ರಕ್ತ ಬಿದ್ದರೆ ಪ್ರಾಣಿ ಸಿಗಲಿ ಬಿಡಲಿ ಪೂರ್ತಿ ಹಣ ಕಟ್ಟಬೇಕು. ಅಮೆರಿಕದಲ್ಲಿ ಹಾಗೆ ಕಟ್ಟುಪಾಡಿಲ್ಲ. ಆದರೂ ಸಾಯುವ ಏಟೆಂದು ಗೊತ್ತಿದ್ದು ಜಿಂಕೆ ಸಿಗದಿದ್ದರೆ ಆ ವರ್ಷದ ಟ್ಯಾಗ್ (ಜಿಂಕೆ ಹೊಡೆಯಲು ಸಿಕ್ಕ ಅನುಮತಿ) ಮುಗಿಯಿತೆಂದೇ ಎಣಿಸಿ ಕೋವಿ ಒಳಗಿಡುವವರಿದ್ದಾರೆ. ನಾವು ಅವರ ಪಕ್ಷ.

ಸಿಕ್ಕಿದ ಮೇಲೆ

ಹಿಂಬದಿಯಿಂದ, ಬೆನ್ನಿನ ಕಡೆಯಿಂದ ಹೋಗಿ, ಕಾಲುಗಳ ಕಡೆಯಿಂದ ಬೇಡ. ಕಣ್ಣು ನೋಡಿ. ಸತ್ತ ಜಿಂಕೆಯ ಕಣ್ಣು ತೆರೆದೇ ಇರುತ್ತದೆ. ಮುಚ್ಚಿದ್ದರೆ ಜೀವವಿದೆ. ಉದ್ದ ಕೋಲಿನ ತುದಿಯಿಂದ ಕಣ್ಣಗುಡ್ಡೆ ಮುಟ್ಟಿ. ರೆಪ್ಪೆ ಅಲುಗಿದರೆ ಹಿಂದೆ ಸರಿದು ಎದೆಗೆ ಇನ್ನೊಂದು ಈಡು, ಅಥವಾ ಇನ್ನೊಂದು ಬಾಣ. ಚಾಕು ಹಿಡಿದು ಕುತ್ತಿಗೆಗೆ ಕೈ ಹಾಕಬೇಡಿ. ಸಾಯುತ್ತಿರುವ ಜಿಂಕೆಯ ಗೊರಸಿನ ಒಂದು ಒದೆತಕ್ಕೆ ನಿಮ್ಮ ತೊಡೆ ಸೀಳುತ್ತದೆ, ಅದಕ್ಕೂ ಅದು ಇನ್ನೊಂದು ಹಿಂಸೆ.

ವಿಸ್ಕಾನ್ಸಿನ್‌ನಲ್ಲಿ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕು. 2002ರಲ್ಲಿ ಆ ರಾಜ್ಯದಲ್ಲಿ ಮೊದಲು ಪತ್ತೆಯಾದ ಸಿಡಬ್ಲ್ಯೂಡಿ ಎಂಬ ಮೆದುಳಿನ ರೋಗ ಈಗ ಹಲವು ಕೌಂಟಿಗಳಲ್ಲಿದೆ. ಅಂಥ ಕಡೆಯ ಜಿಂಕೆಯಾದರೆ ತಲೆಯ ಮಾದರಿ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸ ತಿನ್ನದಿರುವುದು ಲೇಸು. ಸೀಸದ ಗುಂಡಾಗಿದ್ದರೆ ಗಾಯದ ಸುತ್ತಿನ ರಕ್ತ ಹೆಪ್ಪುಗಟ್ಟಿದ ಮಾಂಸವನ್ನು ಅಗಲವಾಗಿ ಕೊಯ್ದು ಬಿಸಾಡಿ, ಸೀಸದ ಚೂರು ಕಣ್ಣಿಗೆ ಕಾಣುವುದಕ್ಕಿಂತ ದೂರ ಚೆಲ್ಲಿರುತ್ತದೆ.

ಹೊಟ್ಟೆ ಬಗೆಯುವಾಗ ಗುಂಡು ಹೋದ ದಾರಿಯನ್ನು ಬೆರಳಿಟ್ಟು ನೋಡಿ. ಯಾವ ಪಕ್ಕೆಲುಬಿನ ನಡುವೆ ಒಳಹೊಕ್ಕಿತು, ಎಷ್ಟು ಶ್ವಾಸಕೋಶ ಹರಿಯಿತು, ಲಿವರಿನ ಅಂಚು ಸವರಿತೇ ಎಂದು ನೋಡಿ, ಏಟು ಬಿದ್ದ ಜಾಗದಲ್ಲಿ ನೀವು ಬಾಣ ಮೂಸಿ, ರಕ್ತ ನೋಡಿ ಮಾಡಿದ ಊಹೆಯ ಜೊತೆ ಹೋಲಿಸಿ. ನಾಲ್ಕೈದು ಜಿಂಕೆಗಳ ಮೇಲೆ ಹೀಗೆ ಹೋಲಿಸಿದ ಮೇಲೆ ಎಲೆಯ ಮೇಲಿನ ಹನಿ ಓದುವುದು ತಾನೇ ಬರುತ್ತದೆ. ಆಮೇಲೆ ಜಾಡಿನುದ್ದಕ್ಕೂ ಹಿಂದಕ್ಕೆ ನಡೆದು, ಕಟ್ಟಿದ ಕಿತ್ತಳೆ ಟೇಪುಗಳನ್ನು ಒಂದೊಂದಾಗಿ ಬಿಚ್ಚಿಕೊಂಡು ಬನ್ನಿ. ನಾಳೆ ಅದೇ ಕಾಡಿನಲ್ಲಿ ಇನ್ನೊಬ್ಬರ ಜಾಡಿಗೆ ಅವು ಅಡ್ಡ ಬರಬಾರದು.